ಬಡಿಸುವವಳ ತುತ್ತು

"ಯುರೋಪಿನ ಹಿಂದಿನ ಕಾಲದವರು ಕೊಳೆತ ಮಾಂಸದ ವಾಸನೆ ಮುಚ್ಚಲೆಂದೇ ಮಸಾಲೆ ಹಾಕುತ್ತಿದ್ದರು" ಎಂದು ಓದಿದವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಡಲಾಚೆಯಿಂದ ತರಿಸಿದ ಲವಂಗವನ್ನು ಕೊಳೆತದ್ದಕ್ಕೆ ಯಾರಾದರೂ ಸುರಿಯುತ್ತಾರೆಯೇ?

ಲವಂಗ ಕುಟ್ಟಿದಾಗಲೆಲ್ಲ ಅಮೆರಿಕದ ಕೆಂಟ್‌ನ ನಮ್ಮ ಮನೆಯ ಒಂದು ಕ್ರಿಸ್‌ಮಸ್ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ. ಪಕ್ಕದ ಮನೆಯ ಮುದುಕಿ ಹೇಳಿಕೊಟ್ಟಂತೆ ಅಮ್ಮ ಮಧ್ಯಯುಗದ ರೀತಿಯ ಕುರಿಮಾಂಸದ ಪೈ ಬೇಯಿಸಿದ್ದಳು: ದಪ್ಪ ಹಿಟ್ಟಿನ ಹೊದಿಕೆ, ಒಳಗೆ ಚಕ್ಕೆ, ಜಾಯಿಕಾಯಿ, ಒಣದ್ರಾಕ್ಷಿ. ಮುದುಕಿಯೂ ನನ್ನ ವಯಸ್ಸಿನ ಅವಳ ಮಗಳೂ ಊಟಕ್ಕೆ ಕುಳಿತರು. ಮುದುಕಿ ಅದೇ ಕೊಳೆತ ಮಾಂಸದ ಕಥೆ ಹೇಳಿ ನಕ್ಕಳು. ಆಮೇಲೆ ಅಮ್ಮ ತನ್ನ ತಟ್ಟೆಗೆ ಏನೂ ಬಡಿಸಿಕೊಳ್ಳದ್ದನ್ನು ಕಂಡು, ಫೋರ್ಕ್ ಮೆಲ್ಲನೆ ಕೆಳಗಿಟ್ಟಳು.

ಅಪ್ಪ ಪಿಸುಗುಟ್ಟಿದರು: "ಒಂದು ತುತ್ತು ತಿಂದ್ಬಿಡೇ. ಮಾಂಸ ಕೆಟ್ಟಿದೆ ಅಂದ್ಕೊಂಡಿದಾರೆ."

"ಬಂದೋರಿಗಿಂತ ಮುಂಚೆ ನಾನು ಬಾಯಿಗಿಡ್ಲಾ? ನಮ್ಮಮ್ಮ ಇದ್ದಿದ್ರೆ ಸೌಟಲ್ಲೇ ಬಾರಿಸ್ತಿದ್ರು."

ಯಾರೂ ಉಣ್ಣಲಿಲ್ಲ. ಕೊನೆಗೆ ಅಮ್ಮ ಹೊದಿಕೆ ಮುರಿದು, ಹಬೆಯಾಡುವ ತುತ್ತನ್ನು ಕೈಯಿಂದಲೇ ತೆಗೆದು, ಎಲ್ಲರ ಎದುರು ನುಂಗಿದಳು. ಮುದುಕಿ ಎರಡು ಬಾರಿ ಹಾಕಿಸಿಕೊಂಡಳು.

ಆ ಮಗಳು ಈಗ ಅಲ್ಲೇ ಹತ್ತಿರದ ಮುಕಿಲ್ಟಿಯೊ ಊರಿನಲ್ಲಿದ್ದಾರೆ. ಸಂದೇಹವಿದ್ದವರು ಹೋಗಿ ಕೇಳಬಹುದು. ಮಾಂಸ ತಾಜಾ ಇತ್ತೆಂದು ಹೇಳುತ್ತಾರೆ. ಬಂದವರು ಉಂಡೇಳುವವರೆಗೆ ಅಮ್ಮ ಅಂದು ಎರಡನೆಯ ತುತ್ತು ತಿನ್ನಲಿಲ್ಲವೆಂಬುದನ್ನೂ ಹೇಳುತ್ತಾರೆ.