ಅತ್ತೆಯ ಮಂಡಿ ಎಕ್ಸ್‌ರೇ

ಹಳೇ ಲ್ಯಾಪ್‌ಟಾಪಿನಿಂದ ಹೊಸ ಕಂಪ್ಯೂಟರಿಗೆ ಫೈಲುಗಳನ್ನು ಸಾಗಿಸುತ್ತಿದ್ದ ಗಂಡ ‘ಅತ್ತೆಯ ಮಂಡಿ ಎಕ್ಸ್‌ರೇ’ ಎಂಬ ಫೋಲ್ಡರಿನ ಹತ್ತಿರ ಬಂದು ನಿಂತ. “ಅಮ್ಮನ ಮಂಡಿ ಸರಿಹೋಗಿ ಮೂರು ವರ್ಷ ಆಯ್ತು. ಇದನ್ನ ಅಳಿಸಿಬಿಡ್ಲಾ?”

ಹೆಂಡತಿಯ ಜೀವ ಬಾಯಿಗೆ ಬಂತು. ಯಾರೂ ತೆರೆದು ನೋಡಬಾರದೆಂದೇ ಆ ಹೆಸರಿಟ್ಟು, ಕದ್ದು ಬರೆದ ಕಥೆಗಳನ್ನೆಲ್ಲ ಅದರೊಳಗೆ ಬಚ್ಚಿಟ್ಟಿದ್ದಳು. ಬೇಡವೆಂದರೆ ಯಾಕೆಂದು ಹೇಳಬೇಕು; ಸುಮ್ಮನಿದ್ದರೆ ರಾಣಿಯರೂ ರಾಕ್ಷಸರೂ ಒಂದೇ ಏಟಿಗೆ ಮಾಯ.

“ಅಳಿಸಿದ್ರೆ ನೋಡು,” ಎಂದರು ಅತ್ತೆ, ಕುರ್ಚಿಯಿಂದಲೇ. “ಮೊದಲು ಅದನ್ನೇ ಹೊಸದಕ್ಕೆ ಹಾಕು.”

ಗೊಣಗುತ್ತಲೇ ಹಾಕಿದ ಮಗ ನೀರು ಕುಡಿಯಲು ಎದ್ದುಹೋದದ್ದೇ ತಡ, ಅತ್ತೆ ಸೊಸೆಯ ಕಿವಿಯ ಬಳಿ ಬಾಗಿದರು. “ನನ್ನ ಮಂಡೀನ ನಾನು ನೋಡದೆ ಇನ್ಯಾರು ನೋಡ್ತಾರೆ? ಅದಿರ್ಲಿ, ಆ ರಾಣೀನ ಬಾವಿಗೆ ತಳ್ಳಿ ಎರಡು ತಿಂಗಳಾಯ್ತಲ್ಲೇ. ಯಾವಾಗ ಮೇಲೆತ್ತೋದು?”