ತಟ್ಟೆಯೊಳಗಿನ ಗವಾಯಿ

ನಲವತ್ತು ವರ್ಷ ಒಬ್ಬರೇ ಗವಾಯಿಗೆ ತಬಲಾ ಸಾಥ್ ಕೊಟ್ಟವನು ನಾನು. ಒಂದು ಕಛೇರಿಯಲ್ಲೂ ಅವರು ನನಗೆ ಮನಸಾರೆ ಬಾರಿಸಲು ಬಿಡಲಿಲ್ಲ. ನಾನು ಕೈಬಿಚ್ಚಿದರೆ ಸಾಕು, ನಡುವೆ ತಾನ್ ತೆಗೆದು ನುಗ್ಗುತ್ತಿದ್ದರು.

ಅವರು ತೀರಿಕೊಳ್ಳುವ ಮುಂಚಿನ ವರ್ಷ ಪ್ರಯೋಗಾಲಯದ ಹುಡುಗಿಯೊಬ್ಬಳು ಬಂದು ನಮ್ಮಿಬ್ಬರ ರಕ್ತ ತೆಗೆದುಕೊಂಡು ಹೋಗಿದ್ದಳು. ರಕ್ತದಿಂದ ಮಿದುಳಿನ ಜೀವಕೋಶ ಬೆಳೆಸಿ ಸಂಗೀತ ಹೊರಡಿಸುತ್ತಾರಂತೆ.

ಮೊನ್ನೆ ನನ್ನನ್ನು ಕರೆಸಿದಳು. ಗಾಜಿನ ತಟ್ಟೆಯಲ್ಲಿ ಗಂಜಿ ತಿಳಿಯಂಥ ನೀರು, ಅದರೊಳಗೆ ಜೀವಕೋಶ, ಪಕ್ಕದಲ್ಲೊಂದು ಸ್ಪೀಕರ್. ನನ್ನ ತಬಲಾ ಕೇಳಿ ಅದು ಸ್ವರ ಹಿಡಿಯುತ್ತದಂತೆ. ನಾನು ತಟ್ಟೆಗೆ ಕೈಮುಗಿದೆ.

"ಗವಾಯಿಗಳ, ಇವತ್ತರೆ ನನಗ ನಾಕು ಆವರ್ತನ ಬಿಟ್ಟುಕೊಡ್ರಿ."

ಎರಡನೇ ಆವರ್ತನಕ್ಕೇ ಸ್ಪೀಕರ್ ಅಡ್ಡ ಬಾಯಿ ಹಾಕಿತು. ಮತ್ತೆ ಶುರು ಮಾಡಿದೆ. ಮತ್ತೆ ಅದೇ ಹಾಡು. ತಬಲಾ ಪಕ್ಕಕ್ಕೆ ಸರಿಸಿಬಿಟ್ಟೆ.

"ನೋಡಿದೇನವಾ? ಸತ್ತರೂ ಈ ಮನುಷ್ಯಾನ ಬುದ್ಧಿ ಹೋಗಲಿಲ್ಲ. ಇನ್ನೊಬ್ಬರನ್ನ ಬಾರಿಸಲಿಕ್ಕೆ ಬಿಡೂದೇ ಇಲ್ಲ!"

ಹುಡುಗಿ ತಟ್ಟೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡಳು.

"ಅಜ್ಜಾರ, ಗವಾಯಿಗಳ ರಕ್ತದಿಂದ ಏನೂ ಹುಟ್ಟಲಿಲ್ಲರೀ. ಇವು ನಿಮ್ಮವು."