ಅಡ್ಡ ಸಹಿ

"ಇದು ನನ್ನ ರಕ್ತ ಅಲ್ಲಪ್ಪಾ. ಎಲ್ಲೋ ಅದಲುಬದಲಾಗಿದೆ" ಎಂದು ಪಾರ್ಸಲಮ್ಮ ವರದಿಯ ಹಾಳೆಯನ್ನು ಪ್ರಯೋಗಾಲಯದ ಕಿಟಕಿಯೊಳಕ್ಕೆ ತಳ್ಳಿದರು. ಪಕ್ಕದಲ್ಲಿದ್ದ ಮಗಳಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಿನ್ನೆ ವರದಿ ಕೈಗೆ ಬಂದಾಗಿನಿಂದ ಅಮ್ಮನದು ಇದೇ ರಾಗ.

ಮೂವತ್ತೆರಡು ವರ್ಷ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಕೂತವರು ಅವರು. ಆ ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ. ಒಬ್ಬರ ಹಲ್ಲಿನ ಸೆಟ್ಟು ಕೊಳಲು ತರಿಸಿದವನ ಮನೆಗೆ ಹೋದದ್ದನ್ನೂ, ಆ ಕೊಳಲು ಬೊಚ್ಚುಬಾಯಿಯ ಮುದುಕರ ಕೈ ಸೇರಿದ್ದನ್ನೂ ಕಣ್ಣಾರೆ ಕಂಡವರು. ಅಂಥವರನ್ನು ನಂಬಿಸುವುದು ಸುಲಭದ ಮಾತಲ್ಲ.

ಕಿಟಕಿಯಾಚೆಯ ಬಿಳಿ ಕೋಟಿನವರು ಹಾಳೆಯ ಮೇಲೆ ಕಣ್ಣಾಡಿಸಿದರು. ಆಸ್ಪತ್ರೆಯವರು ಒಂದು ವರ್ಷ ನಡೆಸಿದ ಅಧ್ಯಯನವದು. ಮುಟ್ಟು ನಿಂತ ಹೆಂಗಸರು ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು, ತಟ್ಟೆಯಲ್ಲಿ ಅರ್ಧ ತರಕಾರಿಯೇ ಇರಬೇಕು, ಕರಿದದ್ದು ಸಿಹಿ ಎಲ್ಲ ಬಿಡಬೇಕು. ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ ರಕ್ತ ಕೊಡಬೇಕು. ಪಾರ್ಸಲಮ್ಮನ ಹಾಳೆಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಹೆಚ್ಚುಕಡಿಮೆ ಕಾಲು ಭಾಗ ಇಳಿದಿತ್ತು.

"ಇಳಿದಿರೋದು ಒಳ್ಳೇದೇ ಅಲ್ವೇನಮ್ಮಾ?" ಎಂದರು ಅವರು. "ಎಷ್ಟೋ ಸಲ ಸ್ತನದ ಕ್ಯಾನ್ಸರಿಗೆ ನೀರು ಗೊಬ್ಬರ ಹಾಕಿ ಬೆಳೆಸೋದು ಇದೇ. ಮುಟ್ಟು ನಿಂತ ಮೇಲೆ ಇದು ಹೆಚ್ಚಾಗಿ ಮೈಕೊಬ್ಬಿನಲ್ಲೇ ತಯಾರಾಗುತ್ತೆ. ಕೊಬ್ಬು ಕರಗಿದ ಹಾಗೆ ಇದೂ ಇಳಿಯುತ್ತೆ. ಇನ್ನು ಕಾಯಿಲೆ ಬರೋದೇ ಇಲ್ಲ ಅಂತ ನಾನು ಹೇಳೋಲ್ಲ. ಬರೋ ಸಂಭವ ಕಡಿಮೆ ಆಗಬಹುದು."

"ಏಳು ಕೆಜಿ ಇಳಿದಿದೀನಿ, ಒಪ್ಕೋತೀನಿ. ಮೈ ಇಳಿಯುತ್ತೆ. ರಕ್ತ ಹೇಗಪ್ಪಾ ಬದಲಾಗುತ್ತೆ? ನಮ್ಮಮ್ಮ ಇದರಲ್ಲೇ ಹೋದಳು. ನನ್ನ ತಂಗೀನೂ ಇದರಲ್ಲೇ ಹೋದಳು. ನಮ್ಮ ಮನೆ ಹೆಣ್ಣುಮಕ್ಕಳ ರಕ್ತಾನೇ ಅಂಥದ್ದು."

ಈ ಮಾತನ್ನು ಮಗಳು ಹದಿನಾಲ್ಕನೆಯ ವಯಸ್ಸಿನಿಂದ ಕೇಳುತ್ತ ಬಂದಿದ್ದಳು. ಈಗ ಮೂವತ್ತಾರು. ಸ್ನಾನದ ಮನೆಯಲ್ಲಿ ಎದೆ ಮುಟ್ಟಿ ನೋಡಿಕೊಳ್ಳುವಾಗಲೆಲ್ಲ ಗಂಟೇನಾದರೂ ಇದೆಯೇ ಎಂದು ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು. ಅಮ್ಮನನ್ನು ಕಾಡಿ ಬೇಡಿ ಅಧ್ಯಯನಕ್ಕೆ ಸೇರಿಸಿದವಳೂ ಅವಳೇ. ಆ ಅಂಕಿ ಅಮ್ಮನದೇ ಆಗಿರಲಿ ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ಅಮ್ಮನೋ, ಬೇರೆಯವರ ಪಾರ್ಸಲು ಬಂತೆಂಬಂತೆ ಅದನ್ನು ಹಿಂದಿರುಗಿಸುತ್ತಿದ್ದರು.

"ಅಧ್ಯಯನದಲ್ಲಿ ನಿಮ್ಮ ನಂಬರ್ ಎಷ್ಟು?"

"ಇನ್ನೂರ ಹದಿನೇಳು."

ಬಿಳಿ ಕೋಟಿನವರು ತಟ್ಟನೆ ತಲೆಯೆತ್ತಿದರು. "ಓಹೋ! ಬಾರ್‌ಕೋಡ್ ಮೇಲೆ ಗೀಚಿದ ಮಹಾತಾಯಿ ನೀವೇನಾ? ಯಂತ್ರ ಓದಲ್ಲ ಅಂತ ಮುಷ್ಕರ ಹೂಡ್ತು. ಎರಡು ಶೀಶೆಗೂ ನಾನೇ ಕೂತು ನಂಬರ್ ಒತ್ತಬೇಕಾಯ್ತು. ನಿಮಗೆ ಹಿಡಿಶಾಪ ಹಾಕಿದೀನಿ, ಸುಳ್ಳು ಯಾಕೆ ಹೇಳಲಿ."

ಅದು ಪಾರ್ಸಲಮ್ಮನ ಹಳೆಯ ರೂಢಿ. ಅಂಚೆ ಕಚೇರಿಯಲ್ಲಿ ಚೀಟಿ ಅಂಟಿಸಿದ ಮೇಲೆ ಅಂಚಿನಲ್ಲಿ ಒಂದು ಅಡ್ಡ ಸಹಿ ಬೀಳಬೇಕು, ಅರ್ಧ ಚೀಟಿಯ ಮೇಲೆ, ಅರ್ಧ ಪೊಟ್ಟಣದ ಮೇಲೆ. ಯಾರಾದರೂ ಚೀಟಿ ಕಿತ್ತು ಬೇರೆಯದಕ್ಕೆ ಹಚ್ಚಿದರೆ ಗೆರೆ ಕೂಡುವುದಿಲ್ಲ. ಮೊದಲ ಸಲ ರಕ್ತ ಕೊಟ್ಟ ದಿನ, ಅದರ ತಿಳಿಯನ್ನು ಶೀಶೆಗೆ ತುಂಬಿ ನರ್ಸ್ ಚೀಟಿ ಅಂಟಿಸುವವರೆಗೂ ಅವರು ಕದಲದೆ ಕೂತಿದ್ದರು. ಆಮೇಲೆ ಕೈ ಸುಮ್ಮನಿರಲಿಲ್ಲ. ನರ್ಸಿನ ಪೆನ್ನನ್ನೇ ಕಸಿದುಕೊಂಡು ಸಹಿ ಎಳೆದಿದ್ದರು. ಕೊನೆಯ ದಿನವೂ ಅಷ್ಟೇ.

"ಪರೀಕ್ಷೆ ಆಗಿ ಉಳಿದದ್ದು ಇನ್ನೂ ಇದೆ. ಬನ್ನಿ, ನೀವೇ ನೋಡಿ" ಎಂದು ಅವರು ಬಾಗಿಲು ತೆರೆದರು.

ಒಳಗೆ ಬಟ್ಟೆಯ ಬೀರುವಿನಷ್ಟು ಎತ್ತರದ ಫ್ರೀಜರ್ ಇತ್ತು. ಬಾಗಿಲು ತೆಗೆದದ್ದೇ ಬಿಳಿ ಆವಿ ನೆಲಕ್ಕಿಳಿದು ಮೂವರ ಪಾದವನ್ನೂ ಮುಚ್ಚಿತು. ದಪ್ಪ ಕೈಗವಸು ತೊಟ್ಟ ಅವರು ಹೆಬ್ಬೆರಳುದ್ದದ ಎರಡು ಶೀಶೆ ಹೊರತೆಗೆದು, ಮೇಲಿನ ಹಿಮವನ್ನು ಒರೆಸಿ, ಪಾರ್ಸಲಮ್ಮನ ಕೈಗೂ ಒಂದು ಜೊತೆ ಗವಸು ತೊಡಿಸಿ ಕೊಟ್ಟರು. ಪಾರ್ಸಲಮ್ಮ ಕನ್ನಡಕ ಏರಿಸಿ, ಹಳೆಯ ಕೌಂಟರಿಗೆ ಮರಳಿದವರಂತೆ ಒಂದೊಂದನ್ನೇ ತಿರುಗಿಸಿ ನೋಡಿದರು. ನೀಲಿ ಗೆರೆ ಚೀಟಿಯಿಂದ ಹೊರಟು ಪ್ಲಾಸ್ಟಿಕ್ಕಿನ ಮೇಲೆ ಸರಿಯಾಗಿ ಕೂಡಿಕೊಂಡಿತ್ತು. ಎರಡರಲ್ಲೂ.

"ಒಂದೇ ಥರ ಕಾಣ್ತವಲ್ಲ" ಎಂದರು ಮೆಲ್ಲಗೆ.

"ಕಣ್ಣಿಗೆ ಕಾಣಲ್ಲಮ್ಮಾ. ಆದರೆ ಮೊದಲ ದಿನದ್ದರಲ್ಲಿ ಇದ್ದದ್ದರ ಕಾಲು ಭಾಗ ಕೊನೆಯ ದಿನದ್ದರಲ್ಲಿ ಇಲ್ಲ. ನೀವೇ ಇಳಿಸಿದ್ದು."

ಪಾರ್ಸಲಮ್ಮನಿಗೆ ಆ ವರ್ಷವೆಲ್ಲ ಕಣ್ಣ ಮುಂದೆ ಬಂತು. ಹಿಮ್ಮಡಿ ನೋಯುತ್ತಿದ್ದರೂ ಬೈದುಕೊಳ್ಳುತ್ತಲೇ ಪಾರ್ಕಿಗೆ ಸುತ್ತು ಹಾಕಿದ ಬೆಳಗುಗಳು, ಅರ್ಧಕ್ಕೇ ಎದ್ದುಬಂದ ಊಟಗಳು, ಕೈ ಹೋಗಿ ಹೋಗಿ ಹಿಂದೆ ಬಂದ ಬಿಸ್ಕತ್ತಿನ ಡಬ್ಬಿ. ಯಾರ ಕಣ್ಣಿಗೂ ಬೀಳದ, ಸೂಜಿಯೊಂದೇ ಹೋಗಬಲ್ಲ ಆ ಜಾಗಕ್ಕೆ ಅಷ್ಟೂ ಹೋಗಿ ತಲುಪಿತ್ತೇ? ತಮ್ಮದೇ ಮೈಯೊಳಗೆ ಇಷ್ಟು ದೊಡ್ಡ ಕೆಲಸ ನಡೆಯುತ್ತಿರುವಾಗ ತಮಗೆ ಸುಳಿವೇ ಇರಲಿಲ್ಲವಲ್ಲ ಎಂದು ಅವರಿಗೆ ಬೆರಗಾಯಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

"ಕರಗಿಬಿಡುತ್ತೆ, ಕೊಡಿ" ಎಂದು ಬಿಳಿ ಕೋಟಿನವರು ಕೈ ಚಾಚಿದರು.

"ಒಂದ್ನಿಮಿಷ." ಪಾರ್ಸಲಮ್ಮ ಕೊನೆಯ ದಿನದ ಶೀಶೆಯನ್ನು ಮಗಳ ಕಣ್ಣೆದುರು ಹಿಡಿದರು.

"ಈ ರಕ್ತ ಕಳಿಸಿದ್ದು ನಮ್ಮಮ್ಮ. ಬಂದದ್ದನ್ನ ಹಾಗೇ ನಿನಗೆ ದಾಟಿಸೋದಷ್ಟೇ ನನ್ನ ಕೆಲಸ ಅಂದ್ಕೊಂಡಿದ್ದೆ ಕಣೇ. ನೋಡು, ಇದರ ಮೇಲಿರೋ ಸಹಿ ನಂದು."